ಬಾಡಿಗೆ ಮುಪ್ಪು

ಟಿಲ್ಮನ್ ಮುಪ್ಪನ್ನು ತೊಟ್ಟುಕೊಂಡು ಬಂದಾಗ ಪಂಪು ಜೋಡಿಸುವ ಸಾಲಿನವರೆಲ್ಲ ಕೆಲಸ ಬಿಟ್ಟು ನೋಡಿದರು. ಮೊಣಕಾಲಿಗೆ ಬಿಗಿಪಟ್ಟಿ, ಸೊಂಟಕ್ಕೆ ಸೀಸದ ತೂಕ, ಬೆರಳು ಮಡಿಸಲು ಬಿಡದ ಗವಸು, ಕಣ್ಣಿಗೆ ಮಂಜುಗಾಜು. ವಯಸ್ಸಿಗೆ ತಕ್ಕಂತೆ ಕೆಲಸ ಹೊಂದಿಸುವ ಎಂಜಿನಿಯರ್ ಅವನು. ಮುದುಕರ ಕಷ್ಟ ತಿಳಿಯಲೆಂದು ಕಾರ್ಖಾನೆ ಈ ಉಡುಪನ್ನು ಸ್ಟುಟ್‌ಗಾರ್ಟಿನಿಂದ ಬಾಡಿಗೆಗೆ ತರಿಸಿತ್ತು.

ಎರ್ನಾ ಹೇಬರ್ಲೆ ತನ್ನ ಜಾಗ ಬಿಟ್ಟುಕೊಟ್ಟಳು. ಅವಳಿಗೆ ಅರವತ್ತೆರಡು. ತಲೆಯ ಮೇಲೆ ತೂಗುವ ತಿರುಪುಯಂತ್ರವನ್ನು ಎದೆಮಟ್ಟಕ್ಕೆ ಇಳಿಸಿ, ಕೂರಲೊಂದು ಪೀಠ ಕೊಡಿ ಎಂದು ಕೇಳಿದ್ದಳು, ಅಷ್ಟೇ. ಟಿಲ್ಮನ್ 'ಇದ್ದಂತೇ ಇರಲಿ' ಎಂದುಬಿಟ್ಟರೆ ಪೂರ್ತಿ ಪಿಂಚಣಿಗೆ ಮೊದಲೇ ಮನೆ ಸೇರಬೇಕು. ಅವಳ ಭುಜ ಇನ್ನೊಂದು ಚಳಿಗಾಲ ತಡೆಯುವಂತಿರಲಿಲ್ಲ.

"ಎರ್ನಕ್ಕಾ, ನಿಂಗೊಬ್ಬ ಜೋಡಿ ಸಿಕ್ದ ನೋಡು!" ಎಂದ ಪಕ್ಕದ ಮೇಜಿನ ನೆವ್ಜತ್. ಸಾಲೆಲ್ಲ ನಕ್ಕಿತು. ಎರ್ನಾ ಟಿಲ್ಮನ್‌ನ ಕೈಯನ್ನೇ ನೋಡುತ್ತಿದ್ದಳು.

ಟಿಲ್ಮನ್ ಮೊದಲು ತಡವರಿಸಿದ, ತಿರುಪು ಬೀಳಿಸಿದ. ಆಮೇಲೆ ಕೈ ಕುದುರಿತು. ಅರ್ಧ ಗಂಟೆಯಲ್ಲಿ ಒಂದು ಪಂಪೂ ಹಿಂದೆ ಬೀಳಲಿಲ್ಲ.

"ಮಾಡ್ಬಹುದಲ್ರೀ ಹೇಬರ್ಲೆಯವರೇ! ಕಷ್ಟ ಇದೆ, ಇಲ್ಲ ಅನ್ನಲ್ಲ. ಆದ್ರೆ ಆಗದ ಕೆಲ್ಸವೇನಲ್ಲ," ಎನ್ನುತ್ತ ಅವನು ಉಡುಪು ಬಿಚ್ಚಲು ಹೊರಟ.

ಎರ್ನಾಗೆ ಮೈಯೆಲ್ಲ ಉರಿದುಹೋಯಿತು. ಇಳಿಸುವ ಹೊತ್ತು ಗೊತ್ತಿದ್ದವನಿಗೆ ಯಾವ ಹೊರೆ ತಾನೇ ಭಾರ?

"ಬಿಚ್ಬೇಡಿ," ಎಂದಳು. "ಅರ್ಧ ಗಂಟೆ ಆಯ್ತು ಅಂತ ನಂಗ್ಯಾರೂ ಬಿಚ್ಚಲ್ಲ. ಪಾಳಿ ಮುಗಿಯೋವರ್ಗೂ ಹಾಕ್ಕೊಂಡಿರಿ."

"ನಂಗೆ ಹನ್ನೊಂದಕ್ಕೆ ಮೀಟಿಂಗ್ ಇದೆ."

"ನಂಗಿಲ್ಲ."

ಟಿಲ್ಮನ್ ಎಲ್ಲರ ಮುಖ ನೋಡಿದ. ಬೇರೆ ದಾರಿ ಕಾಣದೆ ಮತ್ತೆ ಯಂತ್ರಕ್ಕೆ ಕೈ ಎತ್ತಿದ.

ಊಟದ ಹೊತ್ತಿಗೆ ಬ್ರೆಡ್ಡಿಗೆ ಬೆಣ್ಣೆ ಸವರಲಾಗದೆ ಒಣ ಬ್ರೆಡ್ಡನ್ನೇ ಜಗಿದ. ಮಧ್ಯಾಹ್ನ ಕಳೆಯುತ್ತ ಕೈ ಎದೆಗಿಂತ ಮೇಲೇಳಲೇ ಇಲ್ಲ. ಪಂಪುಗಳು ರಾಶಿ ಬಿದ್ದವು. ಗೆದ್ದೆನೆಂಬ ಖುಷಿ ಎರ್ನಾಗೆ ಆಗಲಿಲ್ಲ. ಅಯ್ಯೋ ಪಾಪ ಎನಿಸಿತು.

ಪಾಳಿ ಮುಗಿದ ಗಂಟೆ ಹೊಡೆಯಿತು.

"ಇದನ್ನ ಬಿಚ್ರಿ, ದಮ್ಮಯ್ಯ," ಎಂದ ಟಿಲ್ಮನ್. ಗವಸಿನ ಬೆರಳಿಗೆ ಬೆನ್ನಿನ ಕೊಕ್ಕೆ ಎಟುಕುತ್ತಿರಲಿಲ್ಲ.

ಎರ್ನಾ ಅವನ ಹಿಂದೆ ನಿಂತು ಕೊಕ್ಕೆಯನ್ನು ಎಳೆದಳು, ಒತ್ತಿದಳು, ಮತ್ತೆ ಎಳೆದಳು. ಗಂಟು ಊದಿದ ಬೆರಳುಗಳು ಜಾರುತ್ತಲೇ ಇದ್ದವು.

"ಆಯ್ತಾ?"

"ತಡಿ ಮಗಾ," ಎಂದಳು ಎರ್ನಾ. "ನನ್ ಕೈಲೂ ಆಗ್ತಿಲ್ಲ."