ಕೊನೆಯ ಹಿಡಿ ಮುಸುಕಿನ ಜೋಳ

ಎರಡನೆಯ ಸಲವೂ ಅತ್ತೆ ಪಾತ್ರೆಯನ್ನು ಒಲೆಯಿಂದ ಇಳಿಸಿ ಬಾಲ್ಕನಿಗೆ ಒಯ್ದರು. ಬೇಯುತ್ತಿದ್ದ ಮುಸುಕಿನ ಜೋಳವನ್ನು ಕಸಕ್ಕೆ ಹಾಕಲಿಲ್ಲ. ಕುಂಡದ ಮಣ್ಣು ಬಗೆದು ಹೂತರು. ನೆಲಕ್ಕೆ ಬಿದ್ದಿದ್ದ ಒಂದು ಕಾಳನ್ನೂ ಬಿಡದೆ, ತಪ್ಪಾಯಿತೆನ್ನುವ ಹಾಗೆ ಗೊಣಗುತ್ತ ಹೆಕ್ಕಿಕೊಂಡರು. ಆಮೇಲೆ ಲಾಸ್ಯಾಳ ಕಡೆ ತಿರುಗಿ, ಬೆರಳನ್ನು ತುಟಿಗೆ ತಾಗಿಸಿ, ಜಪಾನಿನ ಈ ನಿಶಿ ಕಸಾಯಿಗೆ ಬಂದಮೇಲೆ ಕಲಿತ ಒಂದೇ ಒಂದು ಜಪಾನಿ ಮಾತನ್ನಾಡಿದರು.

"ದಮೆ." ಆಗದು.

ಲಾಸ್ಯಾಗೆ ಅಳು ಬರುವಷ್ಟು ಸಿಟ್ಟು ಬಂತು. ಮದುವೆಯಾದ ಮೇಲೆ ಅತ್ತೆ ಮೊದಲ ಸಲ ಬಂದಿದ್ದಾರೆ. ನಾಳೆ ವಿಮಾನ. ಊರಿನಿಂದ ಬಟ್ಟೆಯಲ್ಲಿ ಕಟ್ಟಿ ತಂದ ಕಾಳನ್ನು ಸೊಸೆಯೇ ಬೇಯಿಸಿ ದೇವಿಗೆ ಎಡೆ ಇಡಬೇಕು. ಅವಳು ಮನೆಯವಳಾಗುವುದು, ಅವಳ ಕೈಯಡುಗೆಯನ್ನು ಅತ್ತೆ ಮುಟ್ಟುವುದು ಆಮೇಲೆಯೇ. ಮೂಲೆಯಲ್ಲಿ, ಎರಡೂ ಕೈಗಳಲ್ಲಿ ತೆನೆ ಹಿಡಿದ ಮಣ್ಣಿನ ದೇವಿ ಕಾಯುತ್ತಿದ್ದಳು. ಉಳಿದಿದ್ದು ಒಂದೇ ಹಿಡಿ. ಹಮಾಮತ್ಸುವಿನ ಕಾರ್ಖಾನೆಗೆ ಹೋಗಿದ್ದ ಗಂಡ ಫೋನ್ ಎತ್ತುತ್ತಿರಲಿಲ್ಲ.

ಮೈಸೂರಿನಲ್ಲಿದ್ದ ತನ್ನ ತಾಯಿಗೆ ಫೋನ್ ಮಾಡಿದಳು.

"ಒಲೆ ಮುಂದೆ ನಿಂತು ಸ್ತೋತ್ರ ಹೇಳ್ಕೊತಿದ್ದೆ ತಾನೆ? ಎಂಜಲು ಸಿಡಿದಿರತ್ತೆ," ಎಂದರು ತಾಯಿ.

"ಎರಡನೇ ಸಲ ಬಾಯೇ ಬಿಡ್ಲಿಲ್ಲಮ್ಮ."

"ಹಾಗಾದ್ರೆ ಉಸಿರು ತಾಗಿರತ್ತೆ. ಮಡಿ ಅಂದ್ಮೇಲೆ ಎಲ್ಲಾ ಕಡೇನೂ ಒಂದೇ ಕಣೇ."

ಲಾಸ್ಯಾ ಮತ್ತೊಮ್ಮೆ ಸ್ನಾನ ಮಾಡಿದಳು. ರೈಲಿನಲ್ಲಿ ಹಾಕಿಕೊಳ್ಳುವ ಮಾಸ್ಕುಗಳನ್ನು ಒಂದರ ಮೇಲೊಂದು ಏರಿಸಿ, ಕಣ್ಣಿನ ಕೆಳಗಿನವರೆಗೂ ಎಳೆದುಕೊಂಡಳು. ಅಜ್ಜಿಯ ತೊಡೆಯ ಮೇಲೆ ಕಲಿತ ಸ್ತೋತ್ರವನ್ನು ಗಂಟಲಲ್ಲೇ ನುಂಗಿದಳು. ಮುಖವನ್ನು ಆಚೆ ತಿರುಗಿಸಿ, ಕೊನೆಯ ಹಿಡಿ ಕಾಳನ್ನು ಕುದಿಯುವ ನೀರಿನ ಮೇಲೆ ಹಿಡಿದಳು.

ಬಾಗಿಲಲ್ಲಿ ಕೂತು ಕಣ್ಣು ಕೀಳದೆ ನೋಡುತ್ತಿದ್ದ ಅತ್ತೆ ಎದ್ದು ಬಂದರು. ಒಂದು ಕೈಯಲ್ಲಿ ಅವಳ ಮಣಿಕಟ್ಟು ಹಿಡಿದು, ಇನ್ನೊಂದರಲ್ಲಿ ಮಾಸ್ಕುಗಳನ್ನು ಕಿತ್ತೆಸೆದರು.

ಇನ್ನು ತಡೆಯಲಾರೆನೆಂದು ಲಾಸ್ಯಾ ಬಾಯಿ ತೆರೆಯುವಷ್ಟರಲ್ಲಿ ಗಂಡನ ಫೋನ್ ಬಂತು. ಸ್ಪೀಕರಿಗೆ ಹಾಕಿದಳು. ಅತ್ತೆ ಅದರೊಳಗೆ ಬೆಳಗಿನಿಂದ ಕಟ್ಟಿಕೊಂಡಿದ್ದನ್ನೆಲ್ಲ ಸುರಿದರು.

ಎಮಿಲಿಯೊ ನಕ್ಕು, ತಾಯಿಯ ಸ್ಪ್ಯಾನಿಷನ್ನು ಹೆಂಡತಿಗೆ ದಾಟಿಸಿದ: "ಅಸ್ಟೆಕರ ಕಾಲದಿಂದ ಮೆಕ್ಸಿಕೋದ ನಮ್ಮ ಅಜ್ಜಿಯರು ಮಾಡಿಕೊಂಡು ಬಂದದ್ದು, ಲಾಸ್ಯಾ. ಕಾಳಿನೊಳಗಿರುವ ಜೋಳದ ತಾಯಿಗೆ ಬೆಂಕಿಯೆಂದರೆ ಭಯ. ಒಲೆಗೆ ಹಾಕುವ ಮೊದಲು ನಿನ್ನ ಉಸಿರು ಊದಿ ಧೈರ್ಯ ಕೊಡು ಅಂತ ಅಮ್ಮ ಬೆಳಗಿನಿಂದ ಬಾಯಿ ತೋರಿಸಿ ಹೇಳುತ್ತಿದ್ದಾರಂತೆ."