ಗ್ರಹಣದ ದಿನದ ಸೌತೆಕಾಯಿ

ಸೀಳುತುಟಿಗೆ ಹೊಲಿಗೆ ಹಾಕಿಸಿಕೊಂಡು ಬೆಳೆದ ಹುಡುಗಿ ಅಪ್ಪನ ಜೊತೆ ಡಾಕ್ಟರಮ್ಮನ ಎದುರು ಕೂತಿದ್ದಳು. ದವಡೆ ನೋಡಲೆಂದು ತೆಗೆದ ಎಕ್ಸ್‌ರೇಯಲ್ಲಿ ಡಾಕ್ಟರಮ್ಮ ಕತ್ತಿನ ಮೇಲೆ ಬೆರಳಿಟ್ಟರು.

"ನೋಡಮ್ಮ, ಈ ಎರಡು ಮೂಳೆ ಹುಟ್ಟಿನಿಂದಲೇ ಕೂಡಿಕೊಂಡಿವೆ. ಅದಕ್ಕೇ ನಿಂಗೆ ಕತ್ತೆತ್ತಿ ನೋಡೋಕಾಗಲ್ಲ. ಸೀಳುತುಟಿ ಇರೋ ಕೆಲವರಿಗೆ ಇದೂ ಇರುತ್ತೆ."

"ಎಲ್ಲಾ ಇವ್ಳ ಅವ್ವ ಮಾಡಿದ್ದು ಮೇಡಮ್ಮೋರೆ," ಅಪ್ಪ ಶುರು ಮಾಡಿದ. "ತುಂಬಿದ ಬಸುರಿ, ಗ್ರಹಣದ ಹೊತ್ನಲ್ಲಿ ಈಳಿಗೆಮಣೆ ಮೇಲೆ ಕೂತು ಸೌತೆಕಾಯಿ ಹೆಚ್ಚಿದ್ಲು. ಬ್ಯಾಡ ಕಣಮ್ಮಿ ಅಂದ್ರೂ ಕೇಳ್ನಿಲ್ಲ."

ಹುಡುಗಿ ದುಪಟ್ಟಾದ ತುದಿಯನ್ನು ಹಿಂಡಿದಳು. ಹೋದ ವರ್ಷ ಕಣ್ಣು ಮುಚ್ಚುವಾಗಲೂ ಅವ್ವ ಅವಳ ತುಟಿಯ ಮೇಲಿನ ಗೆರೆಯನ್ನು ಸವರಿ, "ನನ್ನಿಂದ ತಪ್ಪಾಯ್ತು ಮಗಾ" ಎಂದಿದ್ದಳು.

"ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಯಜಮಾನ್ರೇ. ಕೆಲವು ಮನೇಲಿ ಇದು ಹೆತ್ತವರಿಂದ ಮಕ್ಕಳಿಗೆ ಬರುತ್ತೆ. ಇವರಮ್ಮನ ಕತ್ತು ಹೇಗಿತ್ತು?"

"ಅವ್ಳಿಗೇನು? ತಲೆ ಮೇಲೆ ಎರಡೆರಡು ಬಿಂದಿಗೆ ಹೊರೋಳು."

"ಸರಿ. ನೀವೊಂದ್ಸಲ ಮೇಲಿನ ಫ್ಯಾನ್ ನೋಡಿ."

ಅಪ್ಪ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಇಡೀ ಮೈಯನ್ನು ಹಿಂದಕ್ಕೆ ವಾಲಿಸಿದ. ಕತ್ತು ಮಾತ್ರ ಮೇಲೇಳಲಿಲ್ಲ.