ನಲವತ್ತೊಂದು ಲಾರಿ

ನೋಟೀಸ್ ಬೋರ್ಡಿನ ಪಟ್ಟಿಯನ್ನು ಮೂರು ಸಲ ಓದಿದ ಮೇಲೆ ಲಾರಿಮಾವ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ನಾಲ್ಕನೇ ಸಲ ಓದಿದ. ಮಹಾನಗರ ಸಾರಿಗೆ ಯೋಜನಾ ಕಚೇರಿ ಮುಂದಿನ ಐದು ವರ್ಷಕ್ಕೆ ಅನುದಾನ ಕೊಟ್ಟ ಇಪ್ಪತ್ತೆರಡು ಕಾಮಗಾರಿಗಳು ಅದರಲ್ಲಿದ್ದವು. ಸೈಕಲ್ ಹಾದಿ ಇತ್ತು, ಪಾದಚಾರಿ ಸೇತುವೆ ಇತ್ತು, ಕಾರುಗಳು ಬಿಸಿಲಿಗೆ ಬಾಡದಂತೆ ಒಂದು ಚಪ್ಪರವೂ ಇತ್ತು. ಮಾರುಕಟ್ಟೆ ರಸ್ತೆಯ ಲಾರಿ ನಿಲ್ದಾಣ ಮಾತ್ರ ಇರಲಿಲ್ಲ.

ಅದಕ್ಕಾಗಿ ಅವನು ಆರು ವರ್ಷ ಚಪ್ಪಲಿ ಸವೆಸಿದ್ದ. ಆ ರಸ್ತೆಯಲ್ಲಿ ಲಾರಿ ನಿಲ್ಲಿಸಲು ಗೇಣು ಜಾಗವಿಲ್ಲ. ಸರಕನ್ನು ನಡುರಸ್ತೆಯಲ್ಲೇ ಇಳಿಸಬೇಕು. ಹಾಗೆ ಹಗ್ಗ ಬಿಚ್ಚುತ್ತಿದ್ದಾಗಲೇ ಇಪ್ಪತ್ತು ವರ್ಷದಿಂದ ಜೊತೆಗಿದ್ದ ಅವನ ಗೆಳೆಯ ಬಸ್ಸಿಗೆ ಸಿಕ್ಕಿ ಒಂದು ಕಾಲು ಕಳೆದುಕೊಂಡದ್ದು. ನಿಲ್ದಾಣ ಮಾಡಿಸಿಯೇ ತೀರುತ್ತೇನೆ ಎಂದು ಆಸ್ಪತ್ರೆಯಲ್ಲಿ ಅವನ ಕೈ ಹಿಡಿದು ಮಾತು ಕೊಟ್ಟಿದ್ದ.

ಸೀದಾ ಮೂರನೇ ಮಹಡಿ ಹತ್ತಿದ. ಅಲ್ಲಿ ಕಿಟಕಿ ಪಕ್ಕದ ಮೇಜು ಅವನ ಅಕ್ಕನ ಮಗಳದು. ಸರಕು ಸಾಗಣೆ ವಿಭಾಗಕ್ಕೆ ಅವಳೇ ಅಧಿಕಾರಿ. ಚಿಕ್ಕಂದಿನಲ್ಲಿ ಅವನ ಲಾರಿಯಲ್ಲಿ ಕೂತು ಹಾರನ್ ಒತ್ತಿ ಒತ್ತಿ ತಲೆ ತಿಂದವಳು; ಅವನಿಗೆ ಈ ಹೆಸರು ಅಂಟಿಸಿದವಳೂ ಅವಳೇ.

"ಏನ್ ಪುಟ್ಟಿ, ಟೈಪ್ ಮಾಡೋವಾಗ ಒಂದು ಸಾಲು ಬಿಟ್ಟುಹೋಗಿದ್ಯಾ?"

ಅವಳು ಎದ್ದು ಕುರ್ಚಿ ಎಳೆದಳು. "ಕೂತ್ಕೋ ಮಾವ. ನಾನೇ ಮನೆಗೆ ಬಂದು ಹೇಳ್ಬೇಕು ಅಂತಿದ್ದೆ. ಧೈರ್ಯ ಬರ್ಲಿಲ್ಲ."

"ಯಾವ ದೊಡ್ಡ ಮನುಷ್ಯ ತೆಗೆಸಿದ, ಹೇಳು."

"ಯಾರೂ ಅಲ್ಲ. ದಿನಕ್ಕೆ ಇನ್ನೂರೈವತ್ತು ಲಾರಿ ಓಡಾಡೋ ರಸ್ತೆಗೆ ಮಾತ್ರ ಅನುದಾನ. ನಿಮ್ಮ ರಸ್ತೇಲಿ ಎಣಿಕೆಗೆ ಸಿಕ್ಕಿದ್ದು ನಲವತ್ತೊಂದು."

ಲಾರಿಮಾವ ನಕ್ಕೇಬಿಟ್ಟ. "ನಾನು ಒಂದು ಟೀ ಕುಡಿದು ಏಳೋದ್ರೊಳಗೆ ಅಷ್ಟು ಹೋಗುತ್ತೆ. ಎಣಿಸೋಕೆ ಹೋದೋರು ನಿದ್ದೆ ಹೊಡೆದಿದ್ದಾರೆ ಬಿಡು."

"ನಾನೂ ಹಾಗೇ ಅಂದ್ಕೊಂಡು ಕರೆಸಿ ಬೈದೆ. ಆದ್ರೆ ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ನಾಲ್ಕು ಜನ ಕದಲದೆ ನಿಂತಿದ್ರು ಮಾವ. ಮಾರುಕಟ್ಟೆ ಕಮಾನಿನ ಕೆಳಗೆ. ಹಳದಿ ಕೋಟು ಹಾಕ್ಕೊಂಡು, ಕೈಯಲ್ಲಿ ರಟ್ಟು ಹಿಡ್ಕೊಂಡು."

ನಗು ಅವನ ಮುಖದಲ್ಲೇ ಆರಿತು. ಆ ಬೆಳಿಗ್ಗೆ ಹಳದಿ ಕೋಟುಗಳನ್ನು ಎಲ್ಲರಿಗಿಂತ ಮೊದಲು ಕಂಡವನು ಅವನೇ. ಭಾರ ಹೆಚ್ಚಾಗಿದೆ ಎಂದು ದಂಡ ಹಾಕುವವರು ಎಂದುಕೊಂಡು ಲಾರಿಯನ್ನು ಶಾಲೆಯ ಹಿಂದಿನ ಓಣಿಗೆ ತಿರುಗಿಸಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಎದುರು ಬಂದ ಪ್ರತಿ ಲಾರಿಗೂ ಹೆಡ್‌ಲೈಟ್ ಎರಡೆರಡು ಸಲ ಮಿನುಗಿಸಿದ್ದ: ಮುಂದೆ ತಪಾಸಣೆ ಇದೆ, ಹುಷಾರು. ಅವರು ಇನ್ನೊಬ್ಬರಿಗೆ ಮಿನುಗಿಸಿದರು. ಎಂಟು ಗಂಟೆಯೊಳಗೆ ಊರಿನ ಲಾರಿಗಳೆಲ್ಲ ಓಣಿ ಹಿಡಿದಿದ್ದವು. ಸಂಜೆ ಟೀ ಅಂಗಡಿಯಲ್ಲಿ ಎಲ್ಲರೂ ಬೆನ್ನು ತಟ್ಟಿದ್ದರು; ಕಾಲು ಕಳೆದುಕೊಂಡ ಗೆಳೆಯ ಎಲ್ಲರಿಗಿಂತ ಜೋರಾಗಿ ತಟ್ಟಿದ್ದ.

"ಅವರು ದಂಡ ಹಾಕೋರಲ್ವಾ?" ಎಂದು ಕೇಳಿದ.

"ಬರೀ ಎಣಿಸೋರು."

"ಒಂದು ಮಾತು ನನ್ನ ಕಿವಿಗೆ ಹಾಕಿದ್ರೆ ಏನಾಗ್ತಿತ್ತು ಪುಟ್ಟಿ?"

"ಮೊದಲೇ ಹೇಳ್ಬಾರ್ದು ಅನ್ನೋದು ನಿಯಮ. ಹಿಂದಿನ ದಿನ ನಿಮ್ಮನೇಲೇ ಊಟ ಮಾಡ್ದೆ. ನೀನು ಬಡಿಸ್ತಾ ಇದ್ದಾಗ ನಾಲಿಗೆ ತುದೀಗೆ ಬಂದಿತ್ತು. ನುಂಗ್ಕೊಂಡೆ." ಅವಳು ಮೇಜಿನ ಮೇಲಿದ್ದ ಕಾಗದಗಳನ್ನು ಸುಮ್ಮನೆ ಜೋಡಿಸಿದಳು. "ಮತ್ತೆ ಎಣಿಸಿ ಅಂತ ಮೇಲಿನೋರಿಗೆ ಎರಡು ಸಲ ಬರೆದೆ. ಒಂದು ರಸ್ತೆಗೆ ಒಂದೇ ದಿನ ಅಂದ್ರು. ಇನ್ನು ಐದು ವರ್ಷ ಆದ್ಮೇಲೆ."

ಇನ್ನೆರಡು ವರ್ಷಕ್ಕೆ ಅವನು ಸ್ಟೀರಿಂಗ್ ಬಿಡುವವನಿದ್ದ. ಲೈಟ್ ಹೊಡೆದ ಸಂಗತಿಯನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದ. ಅವಳ ಕಣ್ಣುಗಳು ಆಗಲೇ ತುಂಬಿದ್ದವು. "ನಿನ್ನ ತಪ್ಪೇನಿಲ್ಲ ಬಿಡು," ಎಂದಷ್ಟೇ ಹೇಳಿ ಮೆಟ್ಟಿಲಿಳಿದ.

ಅವನ ಲಾರಿ ಮಾರುಕಟ್ಟೆ ರಸ್ತೆಗೆ ಬಂದಾಗ ಎದುರಿನಿಂದ ಒಂದು ಲಾರಿ ಎರಡು ಸಲ ಲೈಟ್ ಮಿನುಗಿಸಿತು. ಅವನ ಮುಂದಿದ್ದ ಮೂರು ಲಾರಿಗಳು ಒಂದರ ಹಿಂದೊಂದು ಓಣಿಗೆ ತಿರುಗಿದವು. ಅವನು ತಿರುಗಲಿಲ್ಲ. ಕಮಾನಿನ ಕೆಳಗೆ ಹಳದಿ ಕೋಟಿನ ಸಂಚಾರ ಪೊಲೀಸನೊಬ್ಬ, ದಂಡದ ಪುಸ್ತಕ ಹಿಡಿದವನು, ತಾನಾಗಿ ಬಂದು ನಿಂತ ಲಾರಿಯನ್ನು ಕಂಡು ಬೆಪ್ಪಾಗಿ ನೋಡಿದ.

ಲಾರಿಮಾವ ಗಾಜು ಇಳಿಸಿದ.

"ಬರ್ಕೊಳ್ಳಿ ಸ್ವಾಮಿ," ಎಂದ. "ನಲವತ್ತೆರಡು."